ಮೆಕ್ಸಿಕೋ ಗಡಿಯ ರೇಡಿಯೋಗಳು: ಯಾರ ಧ್ವನಿ, ಯಾರ ಕಿವಿಗೆ?

ಅಮೇರಿಕಾ ಮತ್ತು ಮೆಕ್ಸಿಕೋ ದೇಶಗಳ ಗಡಿಯ ಕುರಿತು ನಮ್ಮ ದಿನಪತ್ರಿಕೆಗಳಲ್ಲಿ ಬರುವ ಸುದ್ದಿಗಳು ಹೆಚ್ಚಾಗಿ ಗೋಡೆಗೆ ಸಂಬಂಧಪಟ್ಟವು. ಗೋಡೆ ಎಷ್ಟು ಉದ್ದ ಕಟ್ಟಿದರು, ಯಾರು ದಾಟಿ ಬಂದರು, ಎಷ್ಟು ಮಂದಿಯನ್ನು ಹಿಂದಕ್ಕೆ ಕಳುಹಿಸಿದರು ಎಂಬಲ್ಲಿಗೆ ಸುದ್ದಿ ಮುಗಿಯುತ್ತದೆ. ಆದರೆ ಸುಮಾರು 3,100 ಕಿಲೋಮೀಟರ್ ಉದ್ದದ ಆ ಗಡಿಯಲ್ಲಿ ಗೋಡೆಗಳಿಗೆ ಜಗ್ಗದೆ ತೊಂಬತ್ತು ವರ್ಷಗಳಿಗಿಂತ ಹೆಚ್ಚು ಕಾಲದಿಂದ ಆಚೀಚೆ ಓಡಾಡುತ್ತಿರುವುದು ರೇಡಿಯೋ. 2025ರ ಜುಲೈ ತಿಂಗಳೊಂದರಲ್ಲೇ ಎರಡೂ ದೇಶಗಳು ಪ್ರಸಾರದ ವಿಷಯದಲ್ಲಿ ದೊಡ್ಡ ತೀರ್ಮಾನಗಳನ್ನು ಕೈಗೊಂಡವು. ಜುಲೈ 16ರಂದು ಮೆಕ್ಸಿಕೋ ಸರಕಾರ ದೂರಸಂಪರ್ಕ ಮತ್ತು ಪ್ರಸಾರದ ಹೊಸ ಕಾನೂನನ್ನು ಪ್ರಕಟಿಸಿತು. ಅದರ ಪ್ರಕಾರ ಪರದೇಶದ ಸರಕಾರಗಳು ಮೆಕ್ಸಿಕೋದ ರೇಡಿಯೋ, ಟಿವಿಗಳಲ್ಲಿ ರಾಜಕೀಯ ಪ್ರಚಾರ ನಡೆಸುವಂತಿಲ್ಲ. ಎಂಟು ದಿನಗಳ ನಂತರ ಅಮೇರಿಕಾದ ಅಧ್ಯಕ್ಷ ಟ್ರಂಪ್ ತಮ್ಮ ದೇಶದ ಸಾರ್ವಜನಿಕ ರೇಡಿಯೋ ಹಾಗೂ ಟಿವಿಗಳಿಗೆ ಮೀಸಲಿಟ್ಟಿದ್ದ ಸುಮಾರು 110 ಕೋಟಿ ಡಾಲರುಗಳನ್ನು ಹಿಂದಕ್ಕೆ ಪಡೆಯುವ ಮಸೂದೆಗೆ ಸಹಿ ಹಾಕಿದರು.

ಇವೆರಡೂ ಬೇರೆ ಬೇರೆ ಸಂಗತಿಗಳಂತೆ ಕಾಣುತ್ತವೆ. ಗಡಿಯಲ್ಲಿ ವಾಸಿಸುವವರಿಗೆ ಹಾಗಲ್ಲ. ನಮ್ಮ ಮಾತನ್ನು ನಮ್ಮ ಊರಿನ ರೇಡಿಯೋದಲ್ಲಿ ಆಡುವವರು ಯಾರು, ಅದರ ಖರ್ಚನ್ನು ಭರಿಸುವವರು ಯಾರು ಎಂಬ ಒಂದೇ ಪ್ರಶ್ನೆ ಅವೆರಡರ ಹಿಂದೆಯೂ ಇದೆ. ಈ ಕಥೆಯಲ್ಲಿ ಧರ್ಮಸಭೆಗೂ ಪಾಲಿದೆ. ಗಡಿಯ ಒಂದು ಬದಿಯಲ್ಲಿ ಧರ್ಮಸಭೆ ರೇಡಿಯೋ ಕೇಂದ್ರದ ಒಡೆತನ ಹೊಂದುವಂತೆಯೇ ಇಲ್ಲ. ಇನ್ನೊಂದು ಬದಿಯಲ್ಲಿ ಕೈಯಲ್ಲಿದ್ದ ಕೇಂದ್ರವನ್ನು ಒಂದು ಧರ್ಮಪ್ರಾಂತ್ಯ ಕೆಲವೇ ವರ್ಷಗಳ ಹಿಂದೆ ಮಾರಿಬಿಟ್ಟಿತು. ನಮ್ಮ ಕರಾವಳಿಯ ಓದುಗರು ಇದನ್ನು ತಿಳಿದಿರಬೇಕೆಂದು ನಮಗನಿಸುತ್ತದೆ.

ಆಡಿನ ಡಾಕ್ಟರನ ಧ್ವನಿವರ್ಧಕ

1931ರ ಫೆಬ್ರವರಿಯಲ್ಲಿ ಹನ್ನೊಂದನೆಯ ಭಕ್ತಿನಾಥ ಜಗದ್ಗುರುಗಳು ಮಾರ್ಕೋನಿಯವರ ನೆರವಿನಿಂದ ವ್ಯಾಟಿಕನ್ ರೇಡಿಯೋವನ್ನು ಆರಂಭಿಸಿದರೆಂಬುದು ನಮ್ಮಲ್ಲಿ ಹಲವರಿಗೆ ಗೊತ್ತಿದೆ. ಅದೇ ವರ್ಷದ ಅಕ್ಟೋಬರಿನಲ್ಲಿ ಮೆಕ್ಸಿಕೋದ ಕೊವಾವಿಲಾ ರಾಜ್ಯದ ವಿಲಾ ಅಕುನ್ಯಾ ಎಂಬ ಪುಟ್ಟ ಊರಿನಲ್ಲಿ ಎಕ್ಸ್‌ಇಆರ್ ಎಂಬ ಮತ್ತೊಂದು ರೇಡಿಯೋ ಆರಂಭವಾಯಿತು. ನದಿಯ ಆಚೆ ಟೆಕ್ಸಾಸ್ ರಾಜ್ಯದ ಡೆಲ್ ರಿಯೋ ಪಟ್ಟಣ. ರೇಡಿಯೋದ ರೂವಾರಿ ಜಾನ್ ಬ್ರಿಂಕ್ಲಿ ಎಂಬಾತ. ಕಾನ್ಸಾಸ್ ರಾಜ್ಯದಲ್ಲಿ ಗಂಡಸರ ಶಕ್ತಿ ಮರಳಿಸುತ್ತೇನೆಂದು ಹೇಳಿ ಆಡಿನ ಗ್ರಂಥಿಗಳನ್ನು ರೋಗಿಗಳ ದೇಹಕ್ಕೆ ಸೇರಿಸುವ ಶಸ್ತ್ರಚಿಕಿತ್ಸೆ ಮಾಡಿ ಹಣ ಗಳಿಸಿದವನು ಆತ. 1930ರಲ್ಲಿ ಆತನ ವೈದ್ಯಕೀಯ ಪರವಾನಗಿಯೂ ಹೋಯಿತು, ರೇಡಿಯೋ ಪರವಾನಗಿಯೂ ಹೋಯಿತು. ಅದೇ ವರ್ಷ ಕಾನ್ಸಾಸ್‌ನ ಗವರ್ನರ್ ಸ್ಥಾನಕ್ಕೆ ಸ್ಪರ್ಧಿಸಿ ಸೋತ. ನಂತರ ಗಡಿ ದಾಟಿದ.

ಮೆಕ್ಸಿಕೋ ಇಂಥವನಿಗೆ ಏಕೆ ಪರವಾನಗಿ ಕೊಟ್ಟಿತು ಎಂದು ಕೇಳಬಹುದು. ಲಂಚ, ಆಮಿಷಗಳ ಮಾತು ಬದಿಗಿರಲಿ, ಅದಕ್ಕೊಂದು ನ್ಯಾಯವಾದ ಕಾರಣವೂ ಇತ್ತು. ಮಧ್ಯಮ ತರಂಗದ ಉತ್ತಮ ಕಂಪನಾಂಕಗಳನ್ನೆಲ್ಲ ಅಮೇರಿಕಾ ಮತ್ತು ಕೆನಡಾ ತಮ್ಮತಮ್ಮಲ್ಲೇ ಹಂಚಿಕೊಂಡು, ಮೆಕ್ಸಿಕೋಗೆ ಒಂದನ್ನೂ ಬಿಟ್ಟಿರಲಿಲ್ಲ. ಹಂಚಿಕೆಯ ಮೇಜಿಗೆ ಕರೆಯದವರು ಹಂಚಿಕೆಯ ಕಟ್ಟಳೆಯನ್ನು ಪಾಲಿಸಬೇಕೆಂದು ಯಾರು ಹೇಳಬಲ್ಲರು? ಅಮೇರಿಕಾದಲ್ಲಿ ಒಂದು ಕೇಂದ್ರಕ್ಕೆ 50 ಕಿಲೋವ್ಯಾಟ್ ಸಾಮಾನ್ಯ ಮಿತಿಯಾಗಿದ್ದರೆ, ಬ್ರಿಂಕ್ಲಿಯ ಕೇಂದ್ರ ಎಕ್ಸ್‌ಇಆರ್‌ಎ ಎಂಬ ಹೊಸ ಹೆಸರಿನಲ್ಲಿ 500 ಕಿಲೋವ್ಯಾಟ್‌ವರೆಗೆ ಬೆಳೆಯಿತು. ರಾತ್ರಿ ವೇಳೆ ಮಧ್ಯಮ ತರಂಗ ಆಕಾಶದ ಮೇಲ್ಪದರಕ್ಕೆ ತಾಗಿ ಸಾವಿರಾರು ಮೈಲಿ ದೂರ ಹಿಂದಿರುಗುವುದರಿಂದ ಕೆನಡಾದ ಗಡಿಯವರೆಗೂ ಈ ಧ್ವನಿ ಕೇಳುತ್ತಿತ್ತು. ಡೆಲ್ ರಿಯೋ ಸುತ್ತಮುತ್ತ ಬೇಲಿಯ ತಂತಿಯೂ ಹಾಡುತ್ತಿತ್ತೆಂದು ಜನ ಹೇಳಿಕೊಳ್ಳುತ್ತಿದ್ದರಂತೆ.

ಬ್ರಿಂಕ್ಲಿ ಒಬ್ಬನೇ ಅಲ್ಲ. ನುವೊ ಲಾರೆಡೋದಲ್ಲಿ ನಾರ್ಮನ್ ಬೇಕರ್ ಎಂಬಾತ ಎಕ್ಸ್‌ಇಎನ್‌ಟಿ ಕೇಂದ್ರದಿಂದ ಕ್ಯಾನ್ಸರ್ ವಾಸಿ ಮಾಡುವುದಾಗಿ ಸಾರಿದ. ಜ್ಯೋತಿಷಿಗಳು, ಔಷಧ ಮಾರುವವರು, ಗಂಟೆಯ ಲೆಕ್ಕದಲ್ಲಿ ಸಮಯ ಖರೀದಿಸಿದ ಬೋಧಕರು ಎಲ್ಲರೂ ಈ ಕೇಂದ್ರಗಳಿಗೆ ಮುಗಿಬಿದ್ದರು. ಪ್ರಾರ್ಥನೆಯ ಬಟ್ಟೆ, ಪವಾಡದ ನೀರು ಟಪಾಲಿನಲ್ಲಿ ಹೋಗುತ್ತಿತ್ತು. ಕಾಣಿಕೆ ಟಪಾಲಿನಲ್ಲಿ ಬರುತ್ತಿತ್ತು. (ಇಂದು ನಮ್ಮ ಟಿವಿಗಳಲ್ಲಿ ಬೆಳಗ್ಗಿನ ಹೊತ್ತು ಕಾಣಸಿಗುವ ಕೆಲವು ಕಾರ್ಯಕ್ರಮಗಳ ಮೂಲವನ್ನು ಹುಡುಕಿದರೆ ಅಲ್ಲಿಗೂ ತಲಪಬಹುದೇನೋ.) ಒಳ್ಳೆಯದೂ ಇತ್ತೆನ್ನಬೇಕು. ವರ್ಜೀನಿಯಾದ ಬೆಟ್ಟಗಳ ಕಾರ್ಟರ್ ಕುಟುಂಬದವರು 1938ರಿಂದ ಕೆಲವು ಚಳಿಗಾಲಗಳನ್ನು ಗಡಿಯಲ್ಲಿ ಕಳೆದು ಹಾಡಿದ ಹಾಡುಗಳು ಈ ಕೇಂದ್ರದಿಂದಲೇ ಅಮೇರಿಕಾದ ಬಡ ರೈತರ ಮನೆಗಳಿಗೆ ತಲಪಿದವು.

ನಮ್ಮ ಹಿರಿಯ ಓದುಗರಿಗೆ ಸಿಲೋನ್ ರೇಡಿಯೋ ನೆನಪಾಗಬಹುದು. 1952ರಲ್ಲಿ ಕೇಂದ್ರ ಸಚಿವ ಬಿ. ವಿ. ಕೇಸ್ಕರರು ಆಕಾಶವಾಣಿಯಿಂದ ಸಿನೆಮಾ ಹಾಡುಗಳನ್ನು ದೂರವಿಟ್ಟಾಗ, ಅಮೀನ್ ಸಯಾನಿಯವರ ಧ್ವನಿ ಸಮುದ್ರದಾಚೆಯಿಂದ ನಮ್ಮ ಮನೆಗಳಿಗೆ ಬಂತು. ಒಂದು ಸರಕಾರ ಬಾಗಿಲು ಮುಚ್ಚಿದರೆ ಪಕ್ಕದ ದೇಶದ ಕಿಟಕಿ ತೆರೆಯುತ್ತದೆ. ಅಷ್ಟರಮಟ್ಟಿಗೆ ಎರಡೂ ಕಥೆ ಒಂದೇ. ವ್ಯತ್ಯಾಸವೂ ಇದೆ. ಸಿಲೋನ್ ರೇಡಿಯೋ ಹಾಡು ಕೇಳಿಸಿತು. ಬ್ರಿಂಕ್ಲಿಯ ರೇಡಿಯೋ ರೋಗಿಗಳನ್ನು ಶಸ್ತ್ರಚಿಕಿತ್ಸೆಯ ಮೇಜಿಗೆ ಕರೆಯಿತು.

ಅಮೇರಿಕಾ 1934ರ ಸಂಪರ್ಕ ಕಾನೂನಿನಲ್ಲಿ ಇದಕ್ಕೆಂದೇ ಒಂದು ವಿಧಿಯನ್ನು ಸೇರಿಸಿತು. ಅಮೇರಿಕಾದೊಳಗೆ ಕಾರ್ಯಕ್ರಮ ತಯಾರಿಸಿ, ಅದನ್ನು ಪರದೇಶದ ಪ್ರಸಾರ ಕೇಂದ್ರಕ್ಕೆ ಕಳುಹಿಸಿ, ಅಲ್ಲಿಂದ ಮತ್ತೆ ಅಮೇರಿಕಾದ ಕೇಳುಗರಿಗೆ ತಲಪಿಸಬೇಕಾದರೆ ಸರಕಾರದ ಅನುಮತಿ ಪಡೆಯಬೇಕು. ಜನ ಅದನ್ನು ಬ್ರಿಂಕ್ಲಿ ಕಾನೂನು ಎಂದೇ ಕರೆದರು. 1937ರಲ್ಲಿ ಹವಾನಾದಲ್ಲಿ ಉತ್ತರ ಅಮೇರಿಕಾದ ದೇಶಗಳು ಒಟ್ಟಾಗಿ ಕುಳಿತು ಮೆಕ್ಸಿಕೋಗೂ ಪಾಲು ಕೊಟ್ಟವು. ಒಪ್ಪಂದ 1941ರ ಮಾರ್ಚಿನಲ್ಲಿ ಜಾರಿಗೆ ಬಂತು. ಎಕ್ಸ್‌ಇಆರ್‌ಎ ಮುಚ್ಚಿತು. ಮಾನನಷ್ಟ ಮೊಕದ್ದಮೆಯಲ್ಲಿ ಸೋತು ದಿವಾಳಿಯಾದ ಬ್ರಿಂಕ್ಲಿ 1942ರಲ್ಲಿ ತೀರಿಕೊಂಡ. 1947ರಲ್ಲಿ ಅದೇ ಊರಿನಲ್ಲಿ ಎಕ್ಸ್‌ಇಆರ್‌ಎಫ್ ಎಂಬ 250 ಕಿಲೋವ್ಯಾಟ್ ಕೇಂದ್ರ ಬಂತು. ವುಲ್ಫ್‌ಮನ್ ಜ್ಯಾಕ್ ಎಂಬ ನಿರೂಪಕ ಅರುವತ್ತರ ದಶಕದಲ್ಲಿ ಹೆಸರು ಮಾಡಿದ್ದು ಅಲ್ಲಿಂದಲೇ. ಅದು ಮನೋರಂಜನೆಯ ಇತಿಹಾಸಕ್ಕೆ ಸೇರಿದ್ದು, ಇಲ್ಲಿ ವಿಸ್ತರಿಸುವುದಿಲ್ಲ.

ಹಳೆಯ ಕಾನೂನು, ಹೊಸ ಗಿರಾಕಿ

ಆ ವಿಧಿ ಈಗಲೂ ಬದುಕಿದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ನಗರದಲ್ಲಿ ಕಾರಿನ ರೇಡಿಯೋ ತಿರುಗಿಸಿದರೆ ಕೇಳುವ ಕೆಲವು ಇಂಗ್ಲಿಷ್ ಕೇಂದ್ರಗಳ ಪ್ರಸಾರ ಸ್ತಂಭ ಇರುವುದು ಮೆಕ್ಸಿಕೋದ ತಿಹುವಾನಾ ಕಡೆ. ನಿರೂಪಕರು ಅಮೇರಿಕಾದವರು, ಜಾಹೀರಾತು ಅಮೇರಿಕಾದ್ದು, ಪರವಾನಗಿ ಮಾತ್ರ ಮೆಕ್ಸಿಕೋದ್ದು. ಆದ್ದರಿಂದ ಮೆಕ್ಸಿಕೋದ ಕಟ್ಟಳೆಯಂತೆ ಕೇಂದ್ರದ ಗುರುತನ್ನು ಸ್ಪ್ಯಾನಿಷ್ ಭಾಷೆಯಲ್ಲಿ ಹೇಳಬೇಕು, ರಾಷ್ಟ್ರಗೀತೆ ನುಡಿಸಬೇಕು, 1937ರ ಜುಲೈನಿಂದ ನಡೆದು ಬಂದಿರುವ 'ಲಾ ಓರಾ ನಾಸಿಯೊನಾಲ್' ಎಂಬ ಸರಕಾರಿ ಕಾರ್ಯಕ್ರಮವನ್ನು ಭಾನುವಾರ ರಾತ್ರಿ ಹಾಕಬೇಕು. ಇಂಗ್ಲಿಷ್ ರಾಕ್ ಸಂಗೀತ ಕೇಳುತ್ತಿದ್ದ ಹುಡುಗರು ಆ ಹೊತ್ತಿಗೆ ಬೇರೆ ಕೇಂದ್ರಕ್ಕೆ ಹೋಗುತ್ತಾರೆಂಬುದನ್ನು ಹೇಳಬೇಕಿಲ್ಲ.

ಇದೇ ಗಡಿಯ ರೊಸಾರಿತೋ ಎಂಬಲ್ಲಿ 690 ಕಿಲೋಹರ್ಟ್ಸ್‌ನ ಬಲಿಷ್ಠ ಕೇಂದ್ರವೊಂದಿದೆ. 1961ರಲ್ಲಿ ಬರೇ ಸುದ್ದಿಯನ್ನೇ ಪ್ರಸಾರ ಮಾಡುವ ಪ್ರಯೋಗ ನಡೆದದ್ದು ಈ ತರಂಗದಲ್ಲೇ. 2018ರಲ್ಲಿ ಅದು ಕೈ ಬದಲಾಯಿಸಿ, ಚೀನಾದ ಮ್ಯಾಂಡರಿನ್ ಭಾಷೆಯ ಕಾರ್ಯಕ್ರಮಗಳು ಲಾಸ್ ಏಂಜಲೀಸ್ ಕಡೆಗೆ ಹರಿಯತೊಡಗಿದವು. ಕಾರ್ಯಕ್ರಮ ತಯಾರಾಗುತ್ತಿದ್ದದ್ದು ಕ್ಯಾಲಿಫೋರ್ನಿಯಾದಲ್ಲಿ, ಹಾಂಗ್‌ಕಾಂಗ್ ಮೂಲದ ಫೀನಿಕ್ಸ್ ಟಿವಿಯ ಅಂಗಸಂಸ್ಥೆಯ ಸ್ಟುಡಿಯೋದಲ್ಲಿ. ಅನುಮತಿ ಕೋರಿದ ಅರ್ಜಿಯಲ್ಲಿ ಆ ಸಂಸ್ಥೆಯ ಹೆಸರೇ ಇರಲಿಲ್ಲ. 2020ರ ಜೂನಿನಲ್ಲಿ ಅಮೇರಿಕಾದ ಸಂಪರ್ಕ ಆಯೋಗ ಅರ್ಜಿಯನ್ನು ತಳ್ಳಿಹಾಕಿ, 48 ಗಂಟೆಗಳಲ್ಲಿ ಪ್ರಸಾರ ನಿಲ್ಲಿಸಲು ಹೇಳಿತು. ಆಡಿನ ಡಾಕ್ಟರನಿಗಾಗಿ ಮಾಡಿದ ಕಾನೂನು ಎಂಬತ್ತಾರು ವರ್ಷಗಳ ನಂತರ ಬೀಜಿಂಗ್ ಮತ್ತು ವಾಷಿಂಗ್ಟನ್ ನಡುವಿನ ಜಗಳದಲ್ಲಿ ಉಪಯೋಗಕ್ಕೆ ಬಂತು.

ಪ್ರಚಾರ ಒಂದೇ ದಿಕ್ಕಿನಲ್ಲಿ ಹರಿದದ್ದಲ್ಲ. ಅಮೇರಿಕಾದ ಗಡಿ ಕಾವಲು ಪಡೆಯವರು ಮರುಭೂಮಿ ದಾಟುವ ಅಪಾಯವನ್ನು ಹೇಳುವ ಕೊರಿದೋ ಹಾಡುಗಳನ್ನು ಬರೆಸಿ, ಮೆಕ್ಸಿಕೋದ ರೇಡಿಯೋಗಳಿಗೆ ಹಂಚಿದ್ದರು. ಕೊರಿದೋ ಎಂದರೆ ಅಲ್ಲಿನ ಜನಪದ ಕಥನಗೀತೆ. ನಮ್ಮ ಲಾವಣಿಯ ಹಾಗೆ. ಹಾಡು ಜನಪ್ರಿಯವಾಯಿತು. ಅದರ ಹಿಂದೆ ಯಾರಿದ್ದಾರೆಂಬುದನ್ನು ರೇಡಿಯೋದವರಿಗೂ ಹೇಳಿರಲಿಲ್ಲ, ಕೇಳುಗರಿಗೂ ಹೇಳಿರಲಿಲ್ಲ. 2009ರಲ್ಲಿ ಅಮೇರಿಕಾದ ಪತ್ರಿಕೆಗಳೇ ಇದನ್ನು ಹೊರಗೆಡವಿದವು. ಮರುಭೂಮಿಯಲ್ಲಿ ಬಾಯಾರಿ ಸಾಯುವವರಿದ್ದಾರೆ ಎಂಬುದು ಸುಳ್ಳಲ್ಲ. ಎಚ್ಚರಿಕೆ ಕೊಡುವುದು ತಪ್ಪೂ ಅಲ್ಲ. ಆದರೆ ತಾಯಿಯ ಧ್ವನಿಯಲ್ಲಿ ಪೊಲೀಸನು ಮಾತನಾಡಿದಾಗ, ಮುಂದೆ ತಾಯಿ ಮಾತನಾಡಿದರೂ ನಂಬುವವರಿರುವುದಿಲ್ಲ.

2025ರ ಏಪ್ರಿಲಿನಲ್ಲಿ ಈ ಮುಸುಕೂ ಬೇಡವಾಯಿತು. ಅಕ್ರಮವಾಗಿ ಬಂದರೆ ಹಿಡಿದು ಹೊರಹಾಕುತ್ತೇವೆಂದು ಅಮೇರಿಕಾದ ಆಂತರಿಕ ಭದ್ರತಾ ಕಾರ್ಯದರ್ಶಿ ಕ್ರಿಸ್ಟಿ ನೋಯೆಮ್ ಸ್ವತಃ ಹೇಳುವ ಜಾಹೀರಾತು ಮೆಕ್ಸಿಕೋದ ಟಿವಿಯಲ್ಲಿ ಫುಟ್ಬಾಲ್ ಪಂದ್ಯದ ನಡುವೆ ಬಂತು. ಅಧ್ಯಕ್ಷೆ ಕ್ಲೌಡಿಯಾ ಶೇನ್‌ಬಾಮ್ ಅದನ್ನು ತಾರತಮ್ಯದ ಸಂದೇಶವೆಂದು ಖಂಡಿಸಿದರು. ಜುಲೈ ತಿಂಗಳ ಕಾನೂನಿನಲ್ಲಿ ಪರದೇಶದ ಪ್ರಚಾರಕ್ಕೆ ನಿಷೇಧ ಬಂದದ್ದು ಹೀಗೆ. ಸಂಸ್ಕೃತಿ ಮತ್ತು ಪ್ರವಾಸೋದ್ಯಮದ ಜಾಹೀರಾತುಗಳಿಗೆ ವಿನಾಯಿತಿ ಇದೆ. ನಿಷೇಧವನ್ನು ನಾವು ಒಪ್ಪುತ್ತೇವೆ. ಆದರೆ ಅದೇ ಕಾನೂನು 2013ರಲ್ಲಿ ಸ್ಥಾಪನೆಯಾದ ಸ್ವಾಯತ್ತ ದೂರಸಂಪರ್ಕ ಸಂಸ್ಥೆಯನ್ನು ಕೊನೆಗಾಣಿಸಿ, ಸರಕಾರಕ್ಕೆ ಹೆಚ್ಚು ಹತ್ತಿರವಿರುವ ಹೊಸ ಆಯೋಗವನ್ನು ತಂದಿದೆ. ಹೊರಗಿನ ಬಾಯಿಗೆ ಬೀಗ ಹಾಕಿದ ಕೈಯಲ್ಲೇ ಒಳಗಿನ ಬಾಯಿಗಳ ಬೀಗದ ಕೈಯೂ ಉಳಿದಿದೆ. ಅದನ್ನು ಹೇಗೆ ಬಳಸುತ್ತಾರೆಂಬುದನ್ನು ನೋಡಬೇಕು.

ಮೈಕಿನ ಮುಂದೆ ಬಂದೂಕು

ಗಡಿಯ ಉತ್ತರದವರಿಗೆ ಹಣದ ಚಿಂತೆಯಾದರೆ, ದಕ್ಷಿಣದವರಿಗೆ ಜೀವದ ಚಿಂತೆ. ತಮಾವುಲಿಪಾಸ್ ರಾಜ್ಯದ ರೆನೋಸಾ, ನುವೊ ಲಾರೆಡೋ, ಮತಾಮೊರೋಸ್ ಪಟ್ಟಣಗಳಲ್ಲಿ 2010ರ ಸುಮಾರಿಗೆ ಮಾದಕದ್ರವ್ಯದ ಗುಂಪುಗಳು ಹಾಡುಹಗಲೇ ಗುಂಡು ಹಾರಿಸಿಕೊಳ್ಳುತ್ತಿದ್ದಾಗ ಸ್ಥಳೀಯ ಮಾಧ್ಯಮಗಳಲ್ಲಿ ಆ ಸುದ್ದಿ ಬರುತ್ತಲೇ ಇರಲಿಲ್ಲವೆನ್ನಬಹುದು. ಹೇಳಿದರೆ ಹೇಳಿದವನು ಉಳಿಯುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಯಾವ ರಸ್ತೆಯಲ್ಲಿ ಗುಂಡಿನ ಕಾಳಗ, ಮಕ್ಕಳನ್ನು ಶಾಲೆಯಿಂದ ಕರೆತರಲು ಯಾವ ದಾರಿ ಹಿಡಿಯಬೇಕು ಎಂಬುದನ್ನು ಜನರೇ ಟ್ವಿಟರ್‌ನಲ್ಲಿ ಪರಸ್ಪರ ತಿಳಿಸಿಕೊಂಡರು. ರೇಡಿಯೋ ಮಾಡಬೇಕಾದ ಕೆಲಸವನ್ನು ಹೆಸರು ಮರೆಸಿಕೊಂಡ ಸಾಮಾನ್ಯರು ಮಾಡಿದರು. ಹಾಗೆ ಮಾಡಿದ ರೆನೋಸಾದ ವೈದ್ಯೆಯೊಬ್ಬರನ್ನು 2014ರಲ್ಲಿ ಅಪಹರಿಸಿ ಕೊಂದರು.

ವಿಪರ್ಯಾಸವೆಂದರೆ ಅದೇ ಕಾಲದಲ್ಲಿ ಆ ಪ್ರದೇಶದ ಅತ್ಯಂತ ವ್ಯವಸ್ಥಿತ ರೇಡಿಯೋ ಜಾಲ ಪಾತಕಿಗಳದ್ದೇ ಆಗಿತ್ತು. ಮೊಬೈಲ್ ಫೋನುಗಳನ್ನು ಪೊಲೀಸರು ಕದ್ದು ಕೇಳಬಹುದೆಂದು ಝೆಟಾಸ್ ಗುಂಪಿನವರು ಬೆಟ್ಟಗಳ ಮೇಲೆ ಆಂಟೆನಾಗಳನ್ನು ನೆಟ್ಟು, ಸೌರಶಕ್ತಿಯಿಂದ ನಡೆಸಿ, ವಾಕಿಟಾಕಿಗಳ ಜಾಲವನ್ನು ಕಟ್ಟಿಕೊಂಡರು. 2011ರ ಡಿಸೆಂಬರಿನಲ್ಲಿ ಮೆಕ್ಸಿಕೋ ಸೇನೆ ನಾಲ್ಕು ರಾಜ್ಯಗಳಲ್ಲಿ 167 ಆಂಟೆನಾಗಳನ್ನೂ 1,446 ರೇಡಿಯೋಗಳನ್ನೂ ವಶಪಡಿಸಿಕೊಂಡದ್ದಾಗಿ ಪ್ರಕಟಿಸಿತು. ಇಂಥ ಜಾಲವನ್ನು ನಡೆಸಲು ತಂತ್ರಜ್ಞರು ಬೇಕು. ದೂರಸಂಪರ್ಕ ಕಂಪೆನಿಗಳ ತಂತ್ರಜ್ಞರು ಆ ವರ್ಷಗಳಲ್ಲಿ ಅಪಹರಣಕ್ಕೊಳಗಾದರು. ಹಲವರು ಮನೆಗೆ ಮರಳಲಿಲ್ಲ. ಸೌರ ಫಲಕ ಜೋಡಿಸಲು ಕಲಿತ ಒಬ್ಬ ಹುಡುಗನ ವಿದ್ಯೆಯೇ ಅವನಿಗೆ ಮುಳುವಾದ ಕಥೆ ಅದು.

2022ರ ಜನವರಿ 23ರಂದು ತಿಹುವಾನಾದಲ್ಲಿ ಪ್ರಸಾರ ಮಾಧ್ಯಮದ ಹಿರಿಯ ಪತ್ರಕರ್ತೆ ಲೂರ್ದೆಸ್ ಮಾಲ್ದೊನಾದೋ ಅವರನ್ನು ಗುಂಡಿಟ್ಟು ಕೊಂದರು. ಅದಕ್ಕೆ ಸುಮಾರು ಮೂರು ವರ್ಷ ಮೊದಲು, 2019ರಲ್ಲಿ, ಆಗಿನ ಅಧ್ಯಕ್ಷ ಲೋಪೆಸ್ ಒಬ್ರಾದೋರ್ ಅವರ ಬೆಳಗಿನ ಪತ್ರಿಕಾಗೋಷ್ಠಿಗೆ ಹೋಗಿ, ತನ್ನ ಜೀವಕ್ಕೆ ಅಪಾಯವಿದೆಯೆಂದು ಅಧ್ಯಕ್ಷರ ಎದುರಿನಲ್ಲೇ ಹೇಳಿಕೊಂಡವರು ಆಕೆ. 2022ರ ಆಗಸ್ಟ್ 11ರಂದು ಸಿಯುದಾದ್ ಹುವಾರೆಸ್ ನಗರದ ಸೆರೆಮನೆಯೊಂದರಲ್ಲಿ ಎರಡು ಗುಂಪುಗಳ ನಡುವೆ ಹೊಡೆದಾಟವಾಗಿ, ಹಿಂಸೆ ಬೀದಿಗೆ ಬಂತು. ಪಿಝಾ ಅಂಗಡಿಯೊಂದರ ಹೊರಗೆ ರೇಡಿಯೋ ಕೇಂದ್ರದ ಪ್ರಚಾರ ಕಾರ್ಯಕ್ರಮ ನಡೆಸುತ್ತಿದ್ದ ನಿರೂಪಕ ಸೇರಿ ನಾಲ್ವರು ಸಿಬ್ಬಂದಿ ಗುಂಡಿಗೆ ಬಲಿಯಾದರು. ಅವರು ಪಾತಕಿಗಳ ವಿರುದ್ಧ ಏನನ್ನೂ ಹೇಳಿರಲಿಲ್ಲ. ಹಾಡು ಹಾಕುವವರು, ಬಹುಮಾನ ಹಂಚುವವರು. ಪತ್ರಕರ್ತರ ಪಟ್ಟಿಯಲ್ಲಿ ಇಂಥವರ ಹೆಸರು ಎಷ್ಟೋ ಬಾರಿ ಸೇರುವುದೇ ಇಲ್ಲ. ಊರಿನ ಜನಕ್ಕೆ ಮಾತ್ರ ಬೆಳಿಗ್ಗೆ ಎದ್ದೊಡನೆ ಕೇಳುತ್ತಿದ್ದ ಧ್ವನಿ ಇಲ್ಲವಾಯಿತು.

ಒಂದು ಧರ್ಮಪ್ರಾಂತ್ಯದ ತೀರ್ಮಾನ

ಮೆಕ್ಸಿಕೋದಲ್ಲಿ ಧರ್ಮಸಭೆ ಈ ಮೌನವನ್ನು ತನ್ನದೇ ರೇಡಿಯೋದಿಂದ ಮುರಿಯಬಹುದಿತ್ತಲ್ಲವೇ ಎಂದು ಕೇಳುವವರಿಗೆ ಉತ್ತರ ಇತಿಹಾಸದಲ್ಲಿದೆ. 1917ರ ಸಂವಿಧಾನ, 1926ರಿಂದ 1929ರ ಕ್ರಿಸ್ತೇರೋ ಹೋರಾಟ, 1927ರಲ್ಲಿ ಗುಂಡಿಗೆ ಬಲಿಯಾದ ಯೇಸುಸಭೆಯ ಪುನೀತ ಮಿಗೆಲ್ ಪ್ರೋ ಇವೆಲ್ಲ ನಮ್ಮ ಓದುಗರಿಗೆ ಹೊಸದಲ್ಲ. 1992ರಲ್ಲಿ ಅಲ್ಲಿನ ಸರಕಾರ ಧರ್ಮಸಭೆಗಳಿಗೆ ಕಾನೂನಿನ ಮಾನ್ಯತೆ ನೀಡಿತು. ಆದರೆ ಅದೇ ಕಾನೂನಿನ 16ನೆಯ ವಿಧಿಯು ಧಾರ್ಮಿಕ ಸಂಘಗಳಾಗಲಿ, ಧರ್ಮಗುರುಗಳಾಗಲಿ ನೇರವಾಗಿ ಅಥವಾ ಬೇರೊಬ್ಬರ ಹೆಸರಿನಲ್ಲಿ ರೇಡಿಯೋ, ಟಿವಿ ಪರವಾನಗಿ ಹೊಂದುವುದನ್ನು ನಿಷೇಧಿಸುತ್ತದೆ. ರೇಡಿಯೋದಲ್ಲಿ ಬಲಿಪೂಜೆ ಪ್ರಸಾರವಾಗಬೇಕಾದರೂ ಒಳಾಡಳಿತ ಇಲಾಖೆಯ ಅನುಮತಿ ಬೇಕು. ಬ್ರಿಂಕ್ಲಿಯ ಕಾಲದಲ್ಲಿ ಟೆಕ್ಸಾಸಿನ ಬೋಧಕರು ಮೆಕ್ಸಿಕೋದ ನೆಲದಿಂದ ಹಗಲೂ ರಾತ್ರಿ ಕಾಣಿಕೆ ಬೇಡುತ್ತಿದ್ದರೆ, ಆ ನೆಲದ ಬಡ ಕಥೋಲಿಕರಿಗೆ ತಮ್ಮದೇ ಗುರುವಿನ ಪ್ರಬೋಧನೆ ರೇಡಿಯೋದಲ್ಲಿ ಕೇಳುವ ಭಾಗ್ಯವಿರಲಿಲ್ಲ ಎಂಬುದನ್ನು ನೆನೆದರೆ ಬೇಸರವಾಗುತ್ತದೆ.

ಉತ್ತರದ ಬದಿಯಲ್ಲಿ ಇಂಥ ಅಡ್ಡಿಯಿಲ್ಲ. ಟೆಕ್ಸಾಸಿನ ತುತ್ತತುದಿಯಲ್ಲಿ, ರಿಯೋ ಗ್ರಾಂದೆ ನದಿಯ ಬಯಲಿನಲ್ಲಿ ಬ್ರೌನ್ಸ್‌ವಿಲ್ ಧರ್ಮಪ್ರಾಂತ್ಯವಿದೆ. ರೆನೋಸಾ, ಮತಾಮೊರೋಸ್ ಪಟ್ಟಣಗಳ ಎದುರು ದಡ. ಬಹುಪಾಲು ಜನ ಸ್ಪ್ಯಾನಿಷ್ ಮೂಲದವರು, ಬಡತನ ಹೆಚ್ಚು. ಈ ಧರ್ಮಪ್ರಾಂತ್ಯ ಅಪರೂಪದ ಕೆಲಸವೊಂದನ್ನು ಮಾಡಿತ್ತು. ಬರೇ ಪ್ರಾರ್ಥನೆಯ ಕೇಂದ್ರವನ್ನಲ್ಲ, ಎಲ್ಲರಿಗೂ ಸಲ್ಲುವ ಸಾರ್ವಜನಿಕ ಟಿವಿ ಮತ್ತು ರೇಡಿಯೋ ಕೇಂದ್ರಗಳನ್ನು ನಡೆಸುತ್ತಿತ್ತು. ರಾಷ್ಟ್ರೀಯ ಸಾರ್ವಜನಿಕ ರೇಡಿಯೋದ ಸುದ್ದಿ ಕಣಿವೆಯ ಜನರಿಗೆ ತಲಪುತ್ತಿದ್ದದ್ದು ಹಾರ್ಲಿಂಗೆನ್‌ನ 88.9 ಮತ್ತು ಮ್ಯಾಕ್‌ಅಲೆನ್‌ನ 88.1 ಎಂಬ ಎಫ್.ಎಂ. ಕೇಂದ್ರಗಳಿಂದ. ಒಡೆಯರು ಬಿಷಪರು, ಕೇಳುಗರು ಯಾರೂ ಆಗಬಹುದಿತ್ತು. ಟಿವಿಯನ್ನು ಮೊದಲೇ ಬಿಟ್ಟುಕೊಟ್ಟಿದ್ದ ಧರ್ಮಪ್ರಾಂತ್ಯವು 2019ರಲ್ಲಿ ರೇಡಿಯೋಗಳನ್ನೂ ರಾಷ್ಟ್ರಮಟ್ಟದ ಕಥೋಲಿಕ ರೇಡಿಯೋ ಜಾಲವೊಂದಕ್ಕೆ ಮಾರಿತು. ಸಾರ್ವಜನಿಕ ರೇಡಿಯೋದ ಸುದ್ದಿ ಕಣಿವೆಯಿಂದ ಮರೆಯಾಯಿತು. ಆ ತರಂಗಗಳಲ್ಲಿ ಈಗ ಧಾರ್ಮಿಕ ಕಾರ್ಯಕ್ರಮಗಳಿವೆ.

ಈ ತೀರ್ಮಾನದ ಹಿಂದೆ ಲೆಕ್ಕಪತ್ರದ ಒತ್ತಡವಿತ್ತೆಂಬುದನ್ನು ಊಹಿಸಬಹುದು. ರೇಡಿಯೋ ನಡೆಸುವುದು ಕಡಿಮೆ ಖರ್ಚಿನ ಕೆಲಸವಲ್ಲ. ಪರಿಶುದ್ಧ ಜಪಸರ, ಬಲಿಪೂಜೆ ಪ್ರಸಾರವಾದರೆ ರೋಗಿಗಳಿಗೆ, ವೃದ್ಧರಿಗೆ ಸಾಂತ್ವನ ಸಿಗುತ್ತದೆ ಎಂಬುದರಲ್ಲೂ ಎರಡು ಮಾತಿಲ್ಲ. ಹಳೆಯ ಕೇಂದ್ರದ ಸುದ್ದಿಯೂ ಹೆಚ್ಚಿನ ಪಾಲು ವಾಷಿಂಗ್ಟನ್ನಿನದ್ದೇ, ಕಣಿವೆಯದ್ದಲ್ಲ ಎನ್ನುವವರಿದ್ದಾರೆ. ಅದರಲ್ಲೂ ಸತ್ಯವಿದೆ. ಹೀಗಿದ್ದರೂ ಆ ಮಾರಾಟ ಸರಿಯಾಯಿತೆಂದು ಹೇಳಲು ನಮಗೆ ಮನಸ್ಸು ಬಾರದು. ಮಾರಾಟವಾಗಿ ಒಂದು ವರ್ಷ ಕಳೆಯುವಷ್ಟರಲ್ಲಿ, 2020ರ ಜುಲೈ ತಿಂಗಳಲ್ಲಿ, ಅದೇ ಕಣಿವೆಯಲ್ಲಿ ಕೊರೋನಾ ಭೀಕರವಾಗಿ ಹಬ್ಬಿತ್ತು. ಆಸ್ಪತ್ರೆಗಳಲ್ಲಿ ಜಾಗವಿಲ್ಲದ ಹೊತ್ತಿನಲ್ಲೇ ಹಾನಾ ಚಂಡಮಾರುತವೂ ಅಪ್ಪಳಿಸಿತು. ವಾಣಿಜ್ಯ ಕೇಂದ್ರಗಳು ಇದ್ದವು, ಅವು ತಮ್ಮ ಕೆಲಸ ಮಾಡಿದವು. ಆದರೆ ಧರ್ಮಸಭೆಯ ಒಡೆತನದಲ್ಲಿದ್ದು, ಜಾಹೀರಾತಿನ ಹಂಗಿಲ್ಲದೆ, ಕಥೋಲಿಕನಿಗೂ ಅಲ್ಲದವನಿಗೂ ಸಮಾನವಾಗಿ ಮಾತನಾಡಬಲ್ಲ ಕೇಂದ್ರ ಅಲ್ಲಿರಲಿಲ್ಲ. ದೂರದ ಸ್ಟುಡಿಯೋದಲ್ಲಿ ತಯಾರಾಗಿ ದೇಶದಾದ್ಯಂತ ಹರಿಯುವ ಪ್ರಾರ್ಥನೆಗೆ ಮ್ಯಾಕ್‌ಅಲೆನ್‌ನ ಯಾವ ರಸ್ತೆಯಲ್ಲಿ ನೀರು ನಿಂತಿದೆಯೆಂಬುದು ಗೊತ್ತಿರುವುದಿಲ್ಲ.

ಎರಡನೆಯ ವ್ಯಾಟಿಕನ್ ಮಹಾಸಭೆಯ ಆಶಯದಂತೆ 1971ರಲ್ಲಿ ಹೊರಬಂದ 'ಕೊಮ್ಯೂನಿಯೋ ಎತ್ ಪ್ರೊಗ್ರೆಸ್ಸಿಯೋ' ದಾಖಲೆ ಸಂಪರ್ಕ ಮಾಧ್ಯಮಗಳನ್ನು ಇಡೀ ಮಾನವ ಸಮಾಜದ ಸೇವೆಗೆಂದು ನೋಡುತ್ತದೆಯೇ ಹೊರತು ನಮ್ಮವರಿಗೆ ಮಾತ್ರ ನಮ್ಮ ಮಾತು ಕೇಳಿಸುವ ಸಾಧನವೆಂದಲ್ಲ. ಹಾಗೆ ನೋಡಿದರೆ ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆಯವರ ರೇಡಿಯೋ ಸಾರಂಗ್ 107.8 ಮೀನುಗಾರರೊಡನೆ, ಕೃಷಿಕರೊಡನೆ, ಎಲ್ಲ ಧರ್ಮದವರೊಡನೆ ಮಾತನಾಡುವ ದಾರಿಯನ್ನು ಹಿಡಿದದ್ದು ನಮಗೆ ಹೆಮ್ಮೆ. ನಮ್ಮ ದೇಶದ ನಿಯಮದಂತೆ ಸಮುದಾಯ ರೇಡಿಯೋಗಳು ತಮ್ಮದೇ ಸುದ್ದಿಯನ್ನು ಪ್ರಸಾರ ಮಾಡುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನಷ್ಟೇ ಹಾಕಬಹುದು. ಮೆಕ್ಸಿಕೋ ಬಿಷಪರ ಕೈ ಕಟ್ಟಿದರೆ, ನಾವು ಸುದ್ದಿಯ ಕೈ ಕಟ್ಟಿದ್ದೇವೆ.

ಕೂಲಿಯವರ ಭಾಷೆಯಲ್ಲಿ

ಗಡಿಯ ರೇಡಿಯೋದ ನಿಜವಾದ ಸಾಧನೆ ದೊಡ್ಡ ಆಂಟೆನಾಗಳಲ್ಲಿಲ್ಲ, ಸಣ್ಣವುಗಳಲ್ಲಿದೆ. ಬಾಹಾ ಕ್ಯಾಲಿಫೋರ್ನಿಯಾದ ಸಾನ್ ಕಿಂತೀನ್ ಕಣಿವೆಯಲ್ಲಿ ಟೊಮೇಟೋ, ಸ್ಟ್ರಾಬೆರಿ ಬೆಳೆಯುತ್ತಾರೆ. ಹಣ್ಣು ಅಮೇರಿಕಾದ ಅಂಗಡಿಗಳಿಗೆ ಹೋಗುತ್ತದೆ. ಕೊಯ್ಯುವವರು ಸಾವಿರಾರು ಕಿಲೋಮೀಟರ್ ದೂರದ ಒವಹಾಕಾ ಮುಂತಾದ ರಾಜ್ಯಗಳಿಂದ ಬಂದ ಮಿಕ್ಸ್‌ಟೆಕ್, ಟ್ರಿಕಿ, ಝಾಪೊಟೆಕ್ ಜನ. ಸ್ಪ್ಯಾನಿಷ್ ಅವರಿಗೆ ಎರಡನೆಯ ಭಾಷೆ. ಕೆಲವರಿಗೆ ಅದೂ ಬಾರದು. 1994ರಿಂದ 'ಕಣಿವೆಯ ಧ್ವನಿ' ಎಂಬ ಅರ್ಥದ ಹೆಸರಿನ ಸರಕಾರಿ ಆದಿವಾಸಿ ರೇಡಿಯೋ ಅಲ್ಲಿ ಅವರ ಭಾಷೆಗಳಲ್ಲೇ ಪ್ರಸಾರ ಮಾಡುತ್ತಿದೆ. ಊರಿನಲ್ಲಿರುವ ತಾಯಿಗೆ ಹುಷಾರಿಲ್ಲ, ಇಂಥವನು ಫೋನ್ ಮಾಡಲಿ ಎಂಬಂಥ ಸಂದೇಶಗಳೇ ಇಂಥ ಕೇಂದ್ರಗಳ ಪ್ರಾಣ. 2015ರ ಮಾರ್ಚಿನಲ್ಲಿ ಆ ಕಣಿವೆಯ ಕೂಲಿಯವರು ಹೆದ್ದಾರಿ ತಡೆದು ನಡೆಸಿದ ದೊಡ್ಡ ಮುಷ್ಕರದಿಂದ ಅವರ ದಿನಗೂಲಿಯ ಸ್ಥಿತಿ ಲೋಕಕ್ಕೆ ತಿಳಿಯಿತು. ಚಿವಾವಾ ರಾಜ್ಯದ ಬೆಟ್ಟಗಳಲ್ಲಿ ರರಾಮುರಿ ಜನರಿಗಾಗಿ 1982ರಿಂದಲೂ ಇಂಥದೇ ಕೇಂದ್ರವಿದೆ. ಅರಿಝೋನಾದ ಸೆಲ್ಸ್ ಎಂಬಲ್ಲಿ ಟೊಹೊನೋ ಓಧಮ್ ಜನಾಂಗದವರದ್ದೇ ಆದ ಎಫ್.ಎಂ. ಇದೆ. 1853ರ ಭೂವ್ಯವಹಾರದಲ್ಲಿ ಎಳೆದ ಗೆರೆ ಅವರ ನಾಡನ್ನೇ ಎರಡು ಹೋಳು ಮಾಡಿತು. ಗೆರೆಯ ಎರಡೂ ಬದಿಯ ಬಂಧುಗಳಿಗೆ ಒಂದೇ ಭಾಷೆ.

ಕ್ಯಾಲಿಫೋರ್ನಿಯಾದ ಫ್ರೆಸ್ನೋ ನಗರದಿಂದ 1980ರ ಜುಲೈ 4ರಂದು ಪ್ರಸಾರ ಆರಂಭಿಸಿದ ರೇಡಿಯೋ ಬಿಲಿಂಗ್ವೆಯನ್ನು ಕಟ್ಟಿದವರು ಊಗೋ ಮೊರಾಲೆಸ್. ಒವಹಾಕಾದ ಮಿಕ್ಸ್‌ಟೆಕ್ ಮನೆತನದಲ್ಲಿ ಹುಟ್ಟಿ, ಹೊಲಗಳಲ್ಲಿ ದುಡಿದು, ಹಾರ್ವರ್ಡ್‌ನಲ್ಲಿ ಕಾನೂನು ಓದಿ, ಮತ್ತೆ ಹೊಲದ ಜನರ ಬಳಿಗೇ ಮರಳಿದವರು. ಗಡಿಯ ಕಲೆಕ್ಸಿಕೋ ಪಟ್ಟಣದಲ್ಲೂ ಅದರ ಕೇಂದ್ರವಿದೆ. ಮಿಕ್ಸ್‌ಟೆಕ್ ಭಾಷೆಯ ಅದರ ಕಾರ್ಯಕ್ರಮ ಎರಡೂ ದೇಶಗಳಲ್ಲಿ ಕೇಳುತ್ತದೆ; ಜನ ಫೋನ್ ಮಾಡಿ ಪ್ರಶ್ನೆ ಕೇಳುವ 'ಲೀನೆಯಾ ಅಬಿಯೆರ್ತಾ' 1995ರಿಂದ ನಡೆದಿದೆ. ವಲಸೆ ಕಾಗದಪತ್ರ, ಕೂಲಿ ಬಾಕಿ, ಕೀಟನಾಶಕದ ಅಪಾಯ ಇಂಥವೇ ಅಲ್ಲಿನ ಮಾತು.

ಈಗ ಪೆಟ್ಟು ಬಿದ್ದಿರುವುದು ಇಂಥವುಗಳಿಗೇ. 1967ರ ಕಾನೂನಿನಂತೆ ಸ್ಥಾಪನೆಯಾಗಿ ಸಾರ್ವಜನಿಕ ಕೇಂದ್ರಗಳಿಗೆ ಸರಕಾರದ ಹಣ ಹಂಚುತ್ತಿದ್ದ ನಿಗಮ 2025ರ ಆಗಸ್ಟಿನಲ್ಲಿ ಬಾಗಿಲು ಮುಚ್ಚುವುದಾಗಿ ಹೇಳಿತು. 2026ರ ಜನವರಿಯಲ್ಲಿ ಅದರ ಆಡಳಿತ ಮಂಡಳಿ ನಿಗಮವನ್ನೇ ವಿಸರ್ಜಿಸಲು ತೀರ್ಮಾನಿಸಿತು. ನ್ಯೂಯಾರ್ಕ್, ವಾಷಿಂಗ್ಟನ್‌ನಂಥ ನಗರಗಳ ದೊಡ್ಡ ಕೇಂದ್ರಗಳಿಗೆ ಉಳ್ಳವರ ದೇಣಿಗೆ ಇದೆ, ಅವು ಹೇಗೋ ನಡೆಯುತ್ತವೆ. ಪಶ್ಚಿಮ ಟೆಕ್ಸಾಸಿನ ಮಾರ್ಫಾದಂಥ ಪುಟ್ಟ ಊರಿನ ಕೇಂದ್ರಕ್ಕೆ, ದ್ರಾಕ್ಷಿ ಕೊಯ್ಯುವವರ ರೇಡಿಯೋಗೆ ಕೇಳುಗರ ಜೇಬಿನಿಂದ ಎಷ್ಟು ಬರಲು ಸಾಧ್ಯ? ವಾಷಿಂಗ್ಟನ್‌ನ ಸುದ್ದಿ ಪಕ್ಷಪಾತದ್ದೆಂದು ಸಿಟ್ಟಾದವರು ಬೀಸಿದ ಕೊಡಲಿ ತಾಗಿದ್ದು ಆ ಸುದ್ದಿಯನ್ನು ಬರೆದವರಿಗಲ್ಲ.

ಹಣದ ಜತೆಗೆ ಹೆದರಿಕೆಯೂ ಸೇರಿದೆ. 2025ರ ಆರಂಭದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಪ್ರದೇಶದ ರೇಡಿಯೋವೊಂದು ವಲಸೆ ಅಧಿಕಾರಿಗಳು ಎಲ್ಲಿ ಓಡಾಡುತ್ತಿದ್ದಾರೆಂದು ಸುದ್ದಿ ಹೇಳಿತೆಂಬ ಕಾರಣಕ್ಕೆ ಸಂಪರ್ಕ ಆಯೋಗ ಅದರ ಮೇಲೆ ವಿಚಾರಣೆ ಆರಂಭಿಸಿತು. ದೊಡ್ಡ ಕಂಪೆನಿಗೆ ವಕೀಲರಿದ್ದಾರೆ. ಗಡಿಯ ಸಣ್ಣ ಸ್ಪ್ಯಾನಿಷ್ ಕೇಂದ್ರದವನು ಇದನ್ನು ಓದಿ, ನಾಳೆ ತನ್ನ ಮೈಕಿನಲ್ಲಿ ಏನು ಹೇಳಬೇಕೆಂಬುದಕ್ಕಿಂತ ಏನು ಹೇಳಬಾರದೆಂಬುದನ್ನೇ ಹೆಚ್ಚು ಯೋಚಿಸುವುದು ಸಹಜ. ರೆನೋಸಾದಲ್ಲಿ ಬಂದೂಕು ಮಾಡಿದ ಕೆಲಸವನ್ನು ಇಲ್ಲಿ ನೋಟೀಸು ಮಾಡುತ್ತದೆ. ಇವೆರಡೂ ಒಂದೇ ಎಂದು ನಾವು ಹೇಳುವುದಿಲ್ಲ, ಜೀವ ಹೋಗುವುದಕ್ಕೂ ಪರವಾನಗಿ ಹೋಗುವುದಕ್ಕೂ ಬಹಳ ಅಂತರವಿದೆ. ಆದರೆ ಕೇಳುಗನ ಕಿವಿಗೆ ತಲಪುವ ಮೌನ ಮಾತ್ರ ಒಂದೇ ರೀತಿಯದ್ದು.

ಗಡಿಯ ಉತ್ತರದಲ್ಲಿರುವ ಧರ್ಮಪ್ರಾಂತ್ಯಗಳು ವಲಸಿಗರಿಗೆ ಊಟ, ವಸತಿ, ವಕೀಲರ ನೆರವು ನೀಡುವುದರಲ್ಲಿ ಮುಂದಿವೆ. ಅವರಲ್ಲಿ ಪರವಾನಗಿ ಪಡೆಯುವ ಹಕ್ಕಿದೆ, ಜಾಗವಿದೆ, ಎರಡು ಭಾಷೆ ಬಲ್ಲ ಜನರಿದ್ದಾರೆ. ನಿಧಿ ಕಳೆದುಕೊಂಡ ಕೇಂದ್ರಗಳಲ್ಲಿ ಒಂದೆರಡಕ್ಕಾದರೂ, ಕಾರ್ಯಕ್ರಮದಲ್ಲಿ ಕೈಹಾಕದೆ, ಒಂದು ಕೋಣೆಯನ್ನೋ ವಿದ್ಯುತ್ ಬಿಲ್ಲನ್ನೋ ಕೊಡುವ ಧರ್ಮಕೇಂದ್ರಗಳು ಮುಂದೆ ಬಂದರೆ ಅದು ಬ್ರೌನ್ಸ್‌ವಿಲ್‌ನಲ್ಲಿ ಕಳೆದುಹೋದದ್ದಕ್ಕೆ ಸ್ವಲ್ಪ ಸಮವಾದೀತು. ದಕ್ಷಿಣದಲ್ಲಿ 2025ರ ಕಾನೂನು ಬಂದ ನಂತರವೂ 16ನೆಯ ವಿಧಿ ಹಾಗೆಯೇ ಇದೆ. ತಿಹುವಾನಾ, ಹುವಾರೆಸ್, ಮತಾಮೊರೋಸ್ ಬಿಷಪರಿಗೆ ಇಂಟರ್‌ನೆಟ್ ಮತ್ತು ಇತರರ ಕೇಂದ್ರಗಳಲ್ಲಿ ಸಿಗುವ ಸಮಯವೇ ಗತಿ.